ಜನರಲ್ ಸಾಹೇಬರ ವರದಿಗಳು

ವರ್ಷಕ್ಕೆ ಎರಡು ಸಲವಾದರೂ ನಾವು ಪುಣೆಯಿಂದ ಧಾರವಾಡಕ್ಕೆ ಕಾರಿನಲ್ಲಿ ಹೋಗುತ್ತೇವೆ. ದೀಪಾವಳಿಗೆ ಒಮ್ಮೆ, ಮಕ್ಕಳ ಬೇಸಿಗೆ ರಜೆಗೆ ಒಮ್ಮೆ. ಬೆಳಗಿನ ಐದಕ್ಕೆ ಹೊರಟರೆ ಖಂಬಾಟಕಿ ಘಾಟಿನಲ್ಲಿ ಬೆಳಕು ಹರಿಯುತ್ತದೆ, ಸಾತಾರಾದಲ್ಲಿ ಚಹಾ, ಕೊಲ್ಹಾಪುರ ದಾಟಿ ನಾಷ್ಟಾ. ನಿಪ್ಪಾಣಿಯ ಹತ್ತಿರ ಕನ್ನಡದ ಫಲಕಗಳು ಕಾಣಿಸತೊಡಗಿದಾಗ ಹಿಂದಿನ ಸೀಟಿನಲ್ಲಿ ಕೂತ ಸೋದರಮಾವನ ಮಾತು ಜೋರಾಗುತ್ತದೆ. ಮಾವ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸೇನೆಗೂ ಅವರಿಗೂ ಸಂಬಂಧವಿಲ್ಲ. ಆದರೆ ಪ್ರತಿ ಸಲವೂ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಈ ಮಾತು ಬಂದೇ ಬರುತ್ತದೆ:

"ನೋಡಪಾ, ಈ ದೇಶಾನ ಒಂದ್ ಹತ್ತ ವರ್ಷ ಮಿಲಿಟರಿ ಮಂದಿ ಕೈಯಾಗ ಕೊಡಬೇಕ. ಎಲ್ಲಾ ನೆಟ್ಟಗ ಆಗ್ತದ."

ನಿಮ್ಮ ಮನೆಯಲ್ಲೂ ಇಂಥ ಮಾವನೋ ಕಾಕಾನೋ ಇದ್ದೇ ಇರುತ್ತಾರೆ. ಹಿಂದೆಲ್ಲ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಳೆದ ಸಲ ಮಾತ್ರ, "ಮಾಮಾ, ನಾವು ಈಗ ಹೊಂಟೇವಲ್ಲ, ಈ ರಸ್ತಾದ ಕೆಲಸ ನಡದಾಗ ದಿಲ್ಲಿಯೊಳಗ ಮಂತ್ರಿ ಆಗಿದ್ದಾಂವ ಒಬ್ಬ ಮಿಲಿಟರಿ ಮನಷ್ಯಾನs" ಎಂದೆ. ಮಾವನಿಗೆ ಬಹಳ ಖುಷಿಯಾಯಿತು. "ಮತ್ತ! ನಾ ಏನಂದೆ!" ಎಂದರು. ಆದರೆ ಆ ಮನುಷ್ಯನ ಉಳಿದ ಕತೆ ಮಾವನ ಮಾತಿಗೆ ಅಷ್ಟು ಸುಲಭವಾಗಿ ಒಗ್ಗುವಂಥದ್ದಲ್ಲ. ಬೆಳಗಾವಿ ಬರುವವರೆಗೂ ಅದನ್ನೇ ಹೇಳುತ್ತಾ ಹೋದೆ. ಈ ವಾರದ ಪತ್ರದಲ್ಲಿ ನಿಮಗೂ ಹೇಳುತ್ತೇನೆ.

ಅವರ ಹೆಸರು ಭುವನ ಚಂದ್ರ ಖಂಡೂರಿ. ಹುಟ್ಟಿದ್ದು 1934ರಲ್ಲಿ, ಡೆಹ್ರಾಡೂನಿನಲ್ಲಿ. 1954ರಿಂದ 1990ರವರೆಗೆ ಸೇನೆಯ ಎಂಜಿನಿಯರ್ಸ್ ದಳದಲ್ಲಿದ್ದು, ಅತಿವಿಶಿಷ್ಟ ಸೇವಾ ಪದಕ ಪಡೆದು, ಮೇಜರ್ ಜನರಲ್ ಆಗಿ ನಿವೃತ್ತರಾದರು. ಮರುವರ್ಷವೇ, 1991ರಲ್ಲಿ, ಬಿಜೆಪಿಯಿಂದ ಗಢವಾಲ್ ಕ್ಷೇತ್ರದ ಲೋಕಸಭಾ ಸದಸ್ಯರಾದರು. 1996ರಲ್ಲಿ ಸೋತರು. 1998, 1999, 2004ರಲ್ಲಿ ಮತ್ತೆ ಗೆದ್ದರು. ಮುಂದೆ ಉತ್ತರಾಖಂಡದ ಶಾಸಕರಾದರು, ಎರಡು ಸಲ ಮುಖ್ಯಮಂತ್ರಿಯಾದರು, 2014ರಲ್ಲಿ ಮತ್ತೆ ಲೋಕಸಭೆಗೆ ಹೋದರು. ಗಢವಾಲದಲ್ಲಿ ಜನ ಅವರನ್ನು 'ಜನರಲ್ ಸಾಹಬ್' ಎಂದೇ ಕರೆಯುವುದು.

ಅಲ್ಲಿ ಆ ಪದಕ್ಕೆ ಇರುವ ತೂಕ ತಿಳಿಯಬೇಕಾದರೆ ಆ ಸೀಮೆಯನ್ನು ಸ್ವಲ್ಪ ನೋಡಬೇಕು. ನಮ್ಮಲ್ಲಿ ಕೊಡಗು ಹೇಗೋ ಹಿಮಾಲಯದ ಆ ಮಗ್ಗುಲಲ್ಲಿ ಗಢವಾಲ ಮತ್ತು ಕುಮಾವೂಂ ಹಾಗೆ. ಪೌಡಿ ಜಿಲ್ಲೆಯ ಲ್ಯಾನ್ಸ್‌ಡೌನ್‌ನಲ್ಲಿ ಗಢವಾಲ್ ರೈಫಲ್ಸಿನ ಕೇಂದ್ರವಿದೆ, ರಾಣಿಖೇತದಲ್ಲಿ ಕುಮಾವೂಂ ರೆಜಿಮೆಂಟಿನದು. ಬೆಟ್ಟದ ಇಳಿಜಾರಿನ ತುಂಡು ಹೊಲಗಳಿಂದ ಮನೆ ನಡೆಯುವುದಿಲ್ಲ. ಗಂಡಸರು ಸೇನೆಗೆ ಸೇರಿ ಕಳಿಸುವ ಹಣದಿಂದ ಊರು ನಡೆಯುತ್ತಿತ್ತು. ಅದಕ್ಕೇ ಅಲ್ಲಿನ ಬದುಕಿಗೆ 'ಮನಿಯಾರ್ಡರ್ ಆರ್ಥಿಕತೆ' ಎಂಬ ಹೆಸರು ಬಿದ್ದದ್ದು. ಈಚೆಗೆ ಜನ ಇಳಿದು ಹೋಗಿ ಖಾಲಿಯಾದ ಹಳ್ಳಿಗಳಿಗೆ 'ಭೂತದ ಹಳ್ಳಿ' ಎನ್ನುತ್ತಾರೆ. ಮನೆಗೊಬ್ಬ ಸೈನಿಕನೋ ಮಾಜಿ ಸೈನಿಕನೋ ಇರುವಂಥ ಕಡೆ ನಿವೃತ್ತ ಜನರಲ್ ಚುನಾವಣೆಗೆ ನಿಂತರೆ ಅದು ಹೊರಗಿನವರು ಬಂದು ನಿಂತಂತಲ್ಲ. ಊರಿನ ದೊಡ್ಡ ಮನೆಯ ಹಿರಿಯರು ನಿಂತಂತೆ.

ಖಂಡೂರಿಯವರಿಗೆ ಇನ್ನೊಂದು ಬೇರೂ ಇತ್ತು. ಹಿಂದಿನ ತಲೆಮಾರಿನ ದೊಡ್ಡ ರಾಜಕಾರಣಿ, ಉತ್ತರಪ್ರದೇಶದ ಮುಖ್ಯಮಂತ್ರಿಯಾಗಿದ್ದ ಹೇಮವತಿ ನಂದನ ಬಹುಗುಣ ಅವರಿಗೆ ಸೋದರಮಾವನಾಗಬೇಕು. ಅಂದರೆ 'ರಾಜಕೀಯದ ಗಂಧವಿಲ್ಲದ ಸೈನಿಕ' ಎಂಬ ಚಿತ್ರ ಪೂರ್ತಿ ನಿಜವಲ್ಲ. ಅವರ ಮನೆಯಲ್ಲಿ ಶಿಸ್ತೂ ಇತ್ತು, ರಾಜಕಾರಣವೂ ಇತ್ತು.

ಇನ್ನು ರಸ್ತೆಯ ವಿಷಯ. ವಾಜಪೇಯಿ ಸರ್ಕಾರ 2000ದ ನವೆಂಬರ್‌ನಲ್ಲಿ ಖಂಡೂರಿಯವರನ್ನು ರಸ್ತೆ ಸಾರಿಗೆ ಮತ್ತು ಹೆದ್ದಾರಿ ಖಾತೆಗೆ ಸ್ವತಂತ್ರ ಹೊಣೆಯ ರಾಜ್ಯ ಸಚಿವರನ್ನಾಗಿ ಮಾಡಿತು. 2003ರಲ್ಲಿ ಸಂಪುಟ ದರ್ಜೆ ಕೊಟ್ಟಿತು. ದಿಲ್ಲಿ, ಮುಂಬಯಿ, ಚೆನ್ನೈ, ಕೋಲ್ಕತಾಗಳನ್ನು ಜೋಡಿಸುವ 5,846 ಕಿಲೋಮೀಟರಿನ ಸುವರ್ಣ ಚತುಷ್ಪಥ ಆಗ ಕಾಗದದಿಂದ ನೆಲಕ್ಕೆ ಇಳಿಯುತ್ತಿತ್ತು. ಅದರ ಸುಮಾರು 620 ಕಿಲೋಮೀಟರ್ ಕರ್ನಾಟಕದಲ್ಲಿದೆ. ನಿಪ್ಪಾಣಿಯಿಂದ ಹಿಡಿದು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮೇಲೆ ಬೆಂಗಳೂರು ದಾಟಿ ಹೊಸೂರಿನ ಕಡೆಗೆ ಹೋಗುವುದು ಅದೇ. ಮುಂಬಯಿ, ಪುಣೆಯವರಿಗೂ ಚೆನ್ನೈಯವರಿಗೂ ಅದು ಊರಿನ ದಾರಿ.

ಆ ದಾರಿ ಮೊದಲು ಹೇಗಿತ್ತು ಎಂಬುದು ನನ್ನ ವಯಸ್ಸಿನವರಿಗೆ ನೆನಪಿದೆ. ಕರಾಡದ ಸುತ್ತ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಬಿದ್ದರೆ ಮುಗಿಯಿತು. ಎದುರಿನ ಲಾರಿಯ ದೀಪ ಕಣ್ಣಿಗೆ ಕುಕ್ಕುತ್ತಿದ್ದಂತೆ ಡ್ರೈವರ್ ಬಸ್ಸನ್ನು ಮಣ್ಣಿಗೆ ಇಳಿಸುತ್ತಿದ್ದ. ಸಂಜೆ ಹತ್ತಿದರೆ ಊರು ಮುಟ್ಟುವುದು ಮರುದಿನ ಬೆಳಿಗ್ಗೆ.

ಈ ಕೆಲಸ ಖಂಡೂರಿಯವರೊಬ್ಬರದೇ ಎನ್ನುವುದು ತಪ್ಪು. ಕಲ್ಪನೆಗೆ ಬೆಂಬಲ ಪ್ರಧಾನಿಯದಾಗಿತ್ತು. ಹಣ ಬಂದದ್ದು ನಾವೆಲ್ಲ ಪೆಟ್ರೋಲ್, ಡೀಸೆಲ್ ಹಾಕಿಸುವಾಗ ಲೀಟರಿಗೆ ಒಂದು ರೂಪಾಯಿಯಂತೆ ತೆತ್ತ ಸೆಸ್‌ನಿಂದ ಮತ್ತು ಸಾಲದಿಂದ. ಇಡೀ ಚತುಷ್ಪಥ ಮುಗಿಯುವಷ್ಟರಲ್ಲಿ 2012 ಬಂದಿತ್ತು, ಸರ್ಕಾರ ಬದಲಾಗಿ ಎಂಟು ವರ್ಷ ಆಗಿತ್ತು. ಹುಬ್ಬಳ್ಳಿ–ಧಾರವಾಡದ ಬೈಪಾಸ್ ಅಂತೂ ಆಮೇಲೂ ವರ್ಷಗಟ್ಟಲೆ ಎರಡೇ ಲೇನಿನಲ್ಲಿ ಜೀವ ತೆಗೆಯುತ್ತಾ ಉಳಿಯಿತು. ಆದರೂ ಜಮೀನು, ಗುತ್ತಿಗೆ, ರಾಜ್ಯ ಸರ್ಕಾರಗಳು, ಮರ, ವಿದ್ಯುತ್ ಕಂಬ ಎಂದು ಸಾವಿರ ತೊಡಕಿನ ಯೋಜನೆಯೊಂದನ್ನು ದಿನಾಂಕ ಇಟ್ಟುಕೊಂಡು ಬೆನ್ನುಹತ್ತುವ ಮಂತ್ರಿ ಆ ಸಮಯದಲ್ಲಿ ಸಿಕ್ಕಿದ್ದು ಯೋಜನೆಯ ಭಾಗ್ಯವೇ. ಸೇತುವೆ ಕಟ್ಟಿ ಬಾ ಎಂದು ಕಳಿಸಿದರೆ ಕಟ್ಟಿ ಬರುವುದು ಎಂಜಿನಿಯರ್ಸ್ ದಳದವರಿಗೆ ರೂಢಿ. ಖಾತೆಗೆ ಮನುಷ್ಯ ಒಪ್ಪಿದ್ದ, ಮನುಷ್ಯನಿಗೆ ಖಾತೆ ಒಪ್ಪಿತ್ತು.

ಮಾವನ ವಾದ ಇಲ್ಲಿಗೆ ನಿಂತರೆ ಗೆದ್ದಂತೆಯೇ. ಆದರೆ ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ ಆಗಲೇ ಬೇರೊಂದು ಸಂಗತಿ ನಡೆದಿತ್ತು.

ಸತ್ಯೇಂದ್ರ ದುಬೆ ಎಂಬ ತರುಣ ಎಂಜಿನಿಯರ್, ಕಾನ್ಪುರದ ಐಐಟಿಯಲ್ಲಿ ಓದಿದವರು, ಹೆದ್ದಾರಿ ಪ್ರಾಧಿಕಾರದ ಕೆಲಸದಲ್ಲಿ ಝಾರ್ಖಂಡದ ಕೋಡರ್ಮಾದಲ್ಲಿದ್ದರು. ತಮ್ಮ ಭಾಗದ ರಸ್ತೆಯಲ್ಲಿ ಕಳಪೆ ಕೆಲಸ, ಗುತ್ತಿಗೆಯೊಳಗೆ ಗುತ್ತಿಗೆ ಕೊಡುವ ವ್ಯವಹಾರ ನಡೆಯುತ್ತಿದೆ ಎಂದು 2002ರ ನವೆಂಬರ್‌ನಲ್ಲಿ ನೇರವಾಗಿ ಪ್ರಧಾನಿ ಕಚೇರಿಗೆ ಪತ್ರ ಬರೆದರು. ತಮ್ಮ ಹೆಸರನ್ನು ಗುಟ್ಟಾಗಿಡಬೇಕು ಎಂದೂ ಕೇಳಿಕೊಂಡರು. ಪತ್ರ ಹೆಸರಿನ ಸಮೇತ ಪ್ರಧಾನಿ ಕಚೇರಿಯಿಂದ ರಸ್ತೆ ಸಚಿವಾಲಯಕ್ಕೆ, ಅಲ್ಲಿಂದ ಹೆದ್ದಾರಿ ಪ್ರಾಧಿಕಾರಕ್ಕೆ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರ್ 27ರ ನಸುಕಿನಲ್ಲಿ, ವಾರಾಣಸಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಗಯಾದಲ್ಲಿ ರೈಲು ಇಳಿದು ರಿಕ್ಷಾದಲ್ಲಿ ಮನೆಗೆ ಹೊರಟಿದ್ದ ಅವರನ್ನು ಗುಂಡಿಟ್ಟು ಕೊಂದರು. ದರೋಡೆಗಾಗಿ ನಡೆದ ಕೊಲೆ ಎಂದು ತನಿಖೆ ಹೇಳಿತು, 2010ರಲ್ಲಿ ಪಟ್ನಾದ ನ್ಯಾಯಾಲಯ ಮೂವರಿಗೆ ಶಿಕ್ಷೆ ವಿಧಿಸಿತು. ಪತ್ರಕ್ಕೂ ಕೊಲೆಗೂ ಸಂಬಂಧವಿಲ್ಲ ಎಂಬುದನ್ನು ನಂಬಲು ಬಹಳ ಜನಕ್ಕೆ ಇಂದಿಗೂ ಆಗಿಲ್ಲ. ಅದನ್ನು ತೀರ್ಮಾನಿಸುವವನು ನಾನಲ್ಲ. ಆದರೆ ಗುಟ್ಟಾಗಿಡಿ ಎಂದು ಬೇಡಿಕೊಂಡವನ ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದರಲ್ಲಿ ವಿವಾದವಿಲ್ಲ. ದೂರು ಕೊಡುವವರ ಗುರುತು ಕಾಯುವ ಸರ್ಕಾರಿ ನಿರ್ಣಯ 2004ರಲ್ಲಿ ಬಂದದ್ದು ಈ ಸಾವಿನ ನಂತರ.

ಇದಕ್ಕೆ ಖಂಡೂರಿಯವರೇ ಕಾರಣ ಎನ್ನುತ್ತಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಪ್ರಾಮಾಣಿಕನೆಂದು ಹೆಸರಾದ ಒಬ್ಬ ಜನರಲ್ ಮೇಲೆ ಕೂತಿದ್ದರೂ ಕೆಳಗಿನ ಒಬ್ಬ ಪ್ರಾಮಾಣಿಕ ಎಂಜಿನಿಯರನ ವರದಿ ಸುರಕ್ಷಿತವಾಗಿ ಮೇಲೆ ಮುಟ್ಟುವ ವ್ಯವಸ್ಥೆ ಇರಲಿಲ್ಲ. ಸೇನೆಯಲ್ಲಿ 'ಸಿಟ್‌ರೆಪ್' ಎನ್ನುತ್ತಾರೆ, ಪರಿಸ್ಥಿತಿ ವರದಿ. ಮುಂಚೂಣಿಯ ಠಾಣೆಯಲ್ಲಿ ಏನಾಗುತ್ತಿದೆ, ಎಷ್ಟು ಗುಂಡು ಉಳಿದಿದೆ, ಎಷ್ಟು ಜನಕ್ಕೆ ಗಾಯ ಎಂಬುದನ್ನು ಸಿಹಿ ಹಚ್ಚದೆ ಮೇಲಕ್ಕೆ ಕಳಿಸುವ ಪದ್ಧತಿ. ಅದು ಸುಳ್ಳಾದರೆ ಜನ ಸಾಯುತ್ತಾರೆ. ಸೇನೆಯಲ್ಲೂ ವರದಿಗಳನ್ನು ತಿದ್ದುವವರು ಇಲ್ಲವೆಂದಲ್ಲ, ಆದರೂ ಅಲ್ಲಿ ಅದು ಅಪರಾಧವೆಂದು ಎಲ್ಲರಿಗೂ ಗೊತ್ತು. ಮಾವನಂಥವರು ಸೈನಿಕನಲ್ಲಿ ನೋಡುವುದು ಶಿಸ್ತನ್ನು. ನನಗೆ ಮುಖ್ಯವಾಗಿ ಕಾಣುವುದು ಈ ವರದಿಯ ಅಭ್ಯಾಸ. ಖಂಡೂರಿಯವರ ಮುಂದಿನ ರಾಜಕೀಯವನ್ನೂ ನಾನು ಈ ಎರಡನ್ನು ಇಟ್ಟುಕೊಂಡೇ ನೋಡುತ್ತೇನೆ.

2007ರ ಫೆಬ್ರವರಿಯ ಚುನಾವಣೆಯಲ್ಲಿ ಉತ್ತರಾಖಂಡದ 70 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿ ದೊಡ್ಡ ಪಕ್ಷವಾಯಿತು, ಸ್ವಂತ ಬಹುಮತ ಬರಲಿಲ್ಲ. ಪಕ್ಷೇತರರು ಮತ್ತು ಉತ್ತರಾಖಂಡ ಕ್ರಾಂತಿ ದಳದ ಬೆಂಬಲದಿಂದ ಸರ್ಕಾರ ಆಯಿತು. ಶಾಸಕರಲ್ಲಿ ಬಹಳ ಜನರ ಒಲವು ಭಗತ್ ಸಿಂಗ್ ಕೊಶ್ಯಾರಿಯವರ ಕಡೆಗಿತ್ತು. ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಬಂದದ್ದರಿಂದ ಮುಂಬಯಿ, ಪುಣೆಯ ಓದುಗರಿಗೆ ಅವರ ಪರಿಚಯ ಮಾಡಿಕೊಡಬೇಕಿಲ್ಲ. ಪಕ್ಷದ ವರಿಷ್ಠರು ಮಾತ್ರ ದಿಲ್ಲಿಯಿಂದ ಸಂಸದ ಖಂಡೂರಿಯವರನ್ನು ಕಳಿಸಿದರು. ಸೇನೆಯಲ್ಲಿ ಹೊಸ ಕಮಾಂಡರ್ ಬರುವುದು ಹೀಗೇ. ಆದೇಶ ಬರುತ್ತದೆ, ಅವರು ಬರುತ್ತಾರೆ, ಎಲ್ಲರೂ ಸೆಲ್ಯೂಟ್ ಹೊಡೆಯುತ್ತಾರೆ. ಶಾಸಕಾಂಗ ಪಕ್ಷದಲ್ಲಿ ಹಾಗಾಗುವುದಿಲ್ಲ.

ಆರು ತಿಂಗಳಲ್ಲಿ ಶಾಸಕರಾಗಬೇಕಿತ್ತು. ಆಗ ನಡೆದದ್ದು ಸ್ವಾರಸ್ಯವಾಗಿದೆ. ಪೌಡಿ ಜಿಲ್ಲೆಯ ಧುಮಾಕೋಟದಿಂದ ಕಾಂಗ್ರೆಸ್ಸಿನಲ್ಲಿ ಗೆದ್ದಿದ್ದವರು ಟಿ.ಪಿ.ಎಸ್. ರಾವತ್. ಅವರೂ ಸೈನಿಕರೇ, ನಿವೃತ್ತ ಲೆಫ್ಟಿನೆಂಟ್ ಜನರಲ್. ಹುದ್ದೆಯಲ್ಲಿ ಖಂಡೂರಿಯವರಿಗಿಂತ ಒಂದು ಮೆಟ್ಟಿಲು ಮೇಲೆ. ಹಿಂದಿನ ಕಾಂಗ್ರೆಸ್ ಸರ್ಕಾರದಲ್ಲಿ ಸಚಿವರೂ ಆಗಿದ್ದವರು. ಅವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಅವರು ಬಿಟ್ಟ ಸ್ಥಾನದಲ್ಲಿ ಖಂಡೂರಿ ಉಪಚುನಾವಣೆ ಗೆದ್ದರು. ಖಂಡೂರಿ ಬಿಟ್ಟ ಲೋಕಸಭಾ ಸ್ಥಾನದಲ್ಲಿ ರಾವತ್ ಗೆದ್ದರು. ಒಬ್ಬ ಜನರಲ್ ಶಾಸಕ, ಇನ್ನೊಬ್ಬ ಜನರಲ್ ಸಂಸದ. ಇಂಥದ್ದೇ ತಂತ್ರಕ್ಕೆ ಮರುವರ್ಷ ಕರ್ನಾಟಕದಲ್ಲಿ 'ಆಪರೇಷನ್ ಕಮಲ' ಎಂಬ ಹೆಸರು ಬಿತ್ತು. ನಾವು ಅದನ್ನು ಬೈದದ್ದೂ ಉಂಟು. ಸಮವಸ್ತ್ರ ಕಳಚಿಟ್ಟು ಬಂದವರು ರಾಜಕೀಯಕ್ಕೆ ಬೇರೆ ನಿಯಮ ತರುತ್ತಾರೆ ಎಂದು ನಂಬಿದವರು ಧುಮಾಕೋಟದ ಈ ಅದಲುಬದಲನ್ನು ನೆನಪಿಡಬೇಕು. ಆಟದ ನಿಯಮ ಅದೇ ಇತ್ತು. ಇಬ್ಬರೂ ಅದನ್ನೇ ಆಡಿದರು.

ಮುಖ್ಯಮಂತ್ರಿಯಾಗಿ ಖಂಡೂರಿ ಬಿಗಿಯಾದ ಆಡಳಿತಗಾರ ಎಂದು ಹೆಸರು ಮಾಡಿದರು. ಆ ಬಿಗಿಯೇ ಅವರ ತೊಡಕೂ ಆಯಿತು. ಶಾಸಕರ ದೂರು ಏನಿತ್ತು? ನಮ್ಮ ಮಾತು ಕೇಳುವುದಿಲ್ಲ, ಅಧಿಕಾರಿಗಳನ್ನು ನಂಬುತ್ತಾರೆ, ಭೇಟಿಗೆ ಸಿಗುವುದಿಲ್ಲ ಎಂದು. ಕೊಶ್ಯಾರಿ ಬಣದ ಶಾಸಕರು ದಿಲ್ಲಿಗೆ ಹೋಗಿ ನಾಯಕತ್ವ ಬದಲಿಸಿ ಎಂದು ಕೂತರು. ಇದನ್ನು 'ಒಳ್ಳೆಯ ಮನುಷ್ಯನನ್ನು ಕೆಟ್ಟ ರಾಜಕಾರಣಿಗಳು ಕಾಡಿದರು' ಎಂದು ಓದುವುದು ಸುಲಭ. ಅರ್ಧ ನಿಜವೂ ಇರಬಹುದು. ಆದರೆ ಶಾಸಕನೊಬ್ಬ ವರ್ಗಾವಣೆಯ ಚೀಟಿ ಹಿಡಿದು ಬಂದಂತೆಯೇ, ತನ್ನ ಹಳ್ಳಿಯ ನೀರಿನ ಕೊಳವೆ ಒಡೆದ ಸುದ್ದಿ ಹಿಡಿದೂ ಬರುತ್ತಾನೆ. ಬಾಗಿಲು ಹಾಕಿದರೆ ಎರಡೂ ಹೊರಗೇ ಉಳಿಯುತ್ತವೆ. ಬೆಟ್ಟದ ನಾಡಿನ ಮುಖ್ಯಮಂತ್ರಿಗೆ ಆ 70 ಜನರೇ ಮುಂಚೂಣಿಯ ಠಾಣೆಗಳು. ಸಿಟ್‌ರೆಪ್ ಕಲಿತು ಬಂದವರು ಅವರ ವರದಿಯನ್ನೇ ಕೇಳದಿದ್ದರು ಎನ್ನುವ ದೂರು ಬಂದದ್ದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

2009ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಐದಕ್ಕೆ ಐದೂ ಸ್ಥಾನ ಬಿಜೆಪಿಯ ಕೈಬಿಟ್ಟವು. ಗಢವಾಲದಲ್ಲಿ ಜನರಲ್ ರಾವತ್ ಕೂಡ ಸೋತರು. ಖಂಡೂರಿ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಸೋತಾಗ ಮತಯಂತ್ರವನ್ನೋ ಮಳೆಯನ್ನೋ ದೂರುವ ನಮ್ಮಲ್ಲಿ ಇದು ದೊಡ್ಡದೇ. ರಮೇಶ್ ಪೋಖ್ರಿಯಾಲ್ 'ನಿಶಂಕ್' ಮುಖ್ಯಮಂತ್ರಿಯಾದರು. ಎರಡು ವರ್ಷ ದಾಟುವಷ್ಟರಲ್ಲಿ ಆ ಸರ್ಕಾರದ ಮೇಲೆ ಆರೋಪಗಳು ಬಂದವು, ಚುನಾವಣೆ ಹತ್ತಿರವಾಯಿತು, ಪಕ್ಷಕ್ಕೆ ಮತ್ತೆ ಜನರಲ್ ನೆನಪಾದರು. 2011ರ ಸೆಪ್ಟೆಂಬರ್ 11ರಂದು ಖಂಡೂರಿ ಎರಡನೆಯ ಸಲ ಪ್ರಮಾಣವಚನ ಸ್ವೀಕರಿಸಿದರು.

ಆ ವರ್ಷ ಕನ್ನಡಿಗರಿಗೆ ಚೆನ್ನಾಗಿ ನೆನಪಿರಬೇಕು. ಅದಕ್ಕೆ ಆರು ವಾರ ಮೊದಲು, ಜುಲೈ 31ರಂದು, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಗಣಿ ವರದಿಯ ಹಿಂದೆಯೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟಿದ್ದರು. ದಿಲ್ಲಿಯಲ್ಲಿ ಅಣ್ಣಾ ಹಜಾರೆಯವರ ಉಪವಾಸ ನಡೆದಿತ್ತು. ಒಂದು ವರದಿ ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸಬಲ್ಲದು ಎಂದು ಕರ್ನಾಟಕ ತೋರಿಸಿದ್ದ ಹೊತ್ತು ಅದು. ಖಂಡೂರಿ ಬಂದವರೇ ಲೋಕಾಯುಕ್ತ ಮಸೂದೆ ತಂದರು. ನವೆಂಬರ್‌ನಲ್ಲಿ ವಿಧಾನಸಭೆ ಅದನ್ನು ಒಪ್ಪಿತು. ಮುಖ್ಯಮಂತ್ರಿಯೂ ಅದರ ವ್ಯಾಪ್ತಿಗೆ ಬರುತ್ತಿದ್ದರು. ಅಣ್ಣಾ ಬಳಗ ಹೊಗಳಿತು. ಟೀಕಾಕಾರರು ಅದರಲ್ಲಿ ಒಂದು ಬೀಗ ಕಂಡರು: ಮುಖ್ಯಮಂತ್ರಿ, ಮಂತ್ರಿ, ಶಾಸಕರ ಮೇಲೆ ಕ್ರಮಕ್ಕೆ ಲೋಕಾಯುಕ್ತದ ಎಲ್ಲ ಸದಸ್ಯರೂ ಒಪ್ಪಬೇಕಿತ್ತು. ಟೀಕೆ ಸರಿಯೇ. ಆದರೂ ಕೆಳಗಿನಿಂದ ಬರುವ ದೂರಿಗೆ ಮೇಲೆ ಒಂದು ಬಾಗಿಲು ಇರಲಿ ಎಂಬ ಪ್ರಯತ್ನ ಅದು. ಕೋಡರ್ಮಾದ ಎಂಜಿನಿಯರನ ಕಾಲದಲ್ಲಿ ಇಲ್ಲದೆ ಹೋದದ್ದು ಅಂಥ ಬಾಗಿಲೇ. ಮುಂದಿನ ಸರ್ಕಾರ ಆ ಕಾಯಿದೆಯನ್ನು ನಡೆಸಲಿಲ್ಲ. 2014ರಲ್ಲಿ ಅದರ ಬದಲು ಬೇರೆ ಕಾಯಿದೆ ಮಾಡಿತು.

ಮುಂದಿನ ಸರ್ಕಾರ ಏಕೆ ಬಂತು ಎಂಬುದು ಇಡೀ ಕತೆಯಲ್ಲಿ ಎಲ್ಲಕ್ಕಿಂತ ವಿಚಿತ್ರ. 2012ರ ಚುನಾವಣೆಯಲ್ಲಿ ಬಿಜೆಪಿಯ ಘೋಷಣೆ 'ಖಂಡೂರಿ ಹೈ ಜರೂರಿ', ಖಂಡೂರಿ ಬೇಕೇ ಬೇಕು. ಗೋಡೆಗೋಡೆಯ ಮೇಲೂ ಅದೇ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಧುಮಾಕೋಟ ಇಲ್ಲವಾದ್ದರಿಂದ ಅವರು ಲ್ಯಾನ್ಸ್‌ಡೌನ್ ಬೆಟ್ಟದ ಬುಡದ ಕೋಟದ್ವಾರದಲ್ಲಿ ನಿಂತರು. ಫಲಿತಾಂಶ ಬಂದಾಗ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಸೋಲುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದ ಪಕ್ಷವನ್ನು ಒಂದೇ ಸ್ಥಾನದ ಅಂತರಕ್ಕೆ ತಂದು ನಿಲ್ಲಿಸಿದ ಜನರಲ್, ತಾವೇ ಕೋಟದ್ವಾರದಲ್ಲಿ ಕಾಂಗ್ರೆಸ್ಸಿನ ಸುರೇಂದ್ರ ಸಿಂಗ್ ನೇಗಿಯವರ ಎದುರು ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಆ ಒಂದು ಸ್ಥಾನ ಗೆದ್ದಿದ್ದರೆ ಲೆಕ್ಕ ತಿರುಗುಮುರುಗಾಗುತ್ತಿತ್ತು. ಸ್ವಪಕ್ಷದವರೇ ಒಳೇಟು ಕೊಟ್ಟರು ಎಂಬ ಮಾತು ಆಗ ಜೋರಾಗಿ ಕೇಳಿಬಂತು. ಇಡೀ ರಾಜ್ಯಕ್ಕೆ ಬೇಕಾದವರು ಕೋಟದ್ವಾರಕ್ಕೆ ಬೇಡವಾದರು. ಅವರ ಜಾಗಕ್ಕೆ ಮುಖ್ಯಮಂತ್ರಿಯಾಗಿ ಬಂದವರು ಕಾಂಗ್ರೆಸ್ಸಿನ ವಿಜಯ್ ಬಹುಗುಣ, ಹೇಮವತಿ ನಂದನರ ಮಗ, ಅಂದರೆ ಖಂಡೂರಿಯವರ ಸೋದರಮಾವನ ಮಗ. ಅವರೂ ಶಾಸಕರಾಗಿರಲಿಲ್ಲ. ಈ ಸಲ ಬಿಜೆಪಿಯ ಶಾಸಕರೊಬ್ಬರು ರಾಜೀನಾಮೆ ಕೊಟ್ಟು ಸಿತಾರ್‌ಗಂಜ್ ಕ್ಷೇತ್ರವನ್ನು ಅವರಿಗೆ ಬಿಟ್ಟುಕೊಟ್ಟರು. ಧುಮಾಕೋಟದ ಲೆಕ್ಕ ಚುಕ್ತಾ ಆಯಿತು.

ಸೈನಿಕನ ಜನಪ್ರಿಯತೆಯೂ ಮತವೂ ಒಂದೇ ಅಲ್ಲ ಎನ್ನುವುದಕ್ಕೆ ನಮ್ಮವರದೇ ಉದಾಹರಣೆ ಇದೆ. ದೇಶದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಕೊಡಗಿನ ಕಾರ್ಯಪ್ಪನವರು, 1971ರಲ್ಲಿ ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. ಡೆಕ್ಕನ್ ವಿಮಾನದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಿಂತು ಸೋತರು. ಜನ ಇಬ್ಬರನ್ನೂ ಗೌರವಿಸುತ್ತಿದ್ದರು. ಗೌರವವನ್ನು ಮನೆಯಲ್ಲಿಟ್ಟು ಮತ ಬೇರೆಯವರಿಗೆ ಹಾಕಿ ಬಂದರು. ಇದರಲ್ಲಿ ಮತದಾರನ ಕೃತಘ್ನತೆ ನನಗೆ ಕಾಣುವುದಿಲ್ಲ. ನಾಳೆ ರೇಷನ್ ಕಾರ್ಡಿನ ಗೋಳು ಬಂದರೆ ಯಾರ ಬಾಗಿಲು ತಟ್ಟಬಹುದು ಎಂದು ಅವನು ಲೆಕ್ಕ ಹಾಕುತ್ತಾನೆ. ಆ ಲೆಕ್ಕದಲ್ಲಿ ಪದಕಗಳು ಬರುವುದಿಲ್ಲ.

ಖಂಡೂರಿಯವರ ಕತೆ ಕೋಟದ್ವಾರದಲ್ಲಿ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಆಮೇಲಿನದು, ಅದೂ ಬಹಳ ಜನ ಗಮನಿಸದೆ ಹೋದದ್ದು.

2014ರಲ್ಲಿ ಮತ್ತೆ ಗಢವಾಲದಿಂದ ಲೋಕಸಭೆಗೆ ಗೆದ್ದ ಅವರನ್ನು ರಕ್ಷಣಾ ಖಾತೆಯ ಸಂಸದೀಯ ಸ್ಥಾಯಿ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಮಂತ್ರಿಗಿರಿಯಲ್ಲ, ಕೆಂಪು ದೀಪದ ಕಾರಿಲ್ಲ. ಎರಡೂ ಸದನಗಳ, ಎಲ್ಲ ಪಕ್ಷಗಳ ಸದಸ್ಯರು ಕೂತು ಅಧಿಕಾರಿಗಳನ್ನು ಪ್ರಶ್ನೆ ಕೇಳಿ, ಲೆಕ್ಕ ನೋಡಿ, ವರದಿ ಬರೆಯುವ ಕೆಲಸ. 2018ರ ಮಾರ್ಚ್‌ನಲ್ಲಿ ಈ ಸಮಿತಿ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ ಸೇನೆಯ ಉಪಮುಖ್ಯಸ್ಥರ ಹೇಳಿಕೆ ದಾಖಲಾಗಿತ್ತು. ಸೇನೆಯ ಬಳಿ ಇರುವ ಸಾಮಗ್ರಿಯಲ್ಲಿ 68 ಪ್ರತಿಶತ ಹಳೆಯ ಕಾಲದ್ದು, 24 ಪ್ರತಿಶತ ಈ ಕಾಲದ್ದು, ಅತ್ಯಾಧುನಿಕ ಎನ್ನುವಂಥದ್ದು 8 ಪ್ರತಿಶತ ಮಾತ್ರ. ಆಧುನೀಕರಣಕ್ಕೆ ಬಜೆಟ್‌ನಲ್ಲಿ ಸಿಕ್ಕಿದ್ದು 21,338 ಕೋಟಿ ರೂಪಾಯಿ. ಆಗಲೇ ಒಪ್ಪಂದವಾಗಿ ನಡೆಯುತ್ತಿದ್ದ 125 ಯೋಜನೆಗಳಿಗೆ ಕೊಡಬೇಕಾಗಿದ್ದ ಬಾಕಿಯೇ 29,033 ಕೋಟಿ. ಅಂದರೆ ಹಳೆಯ ಬಾಕಿ ತೀರಿಸಲಿಕ್ಕೂ ಸಾಲದು, ಹೊಸದರ ಮಾತು ದೂರ.

ಇದು ಅಪ್ಪಟ ಸಿಟ್‌ರೆಪ್. ಬೇರೆ ಪಕ್ಷದ ಸಂಸದರು ಇದನ್ನೇ ಹೇಳಿದ್ದರೆ ಸೇನೆಯ ಸ್ಥೈರ್ಯ ಕುಗ್ಗಿಸುತ್ತೀರಿ ಎಂಬ ಬೈಗುಳ ಬೀಳುತ್ತಿತ್ತು. ಆಡಳಿತ ಪಕ್ಷದವರೇ ಆದ, 36 ವರ್ಷ ಸಮವಸ್ತ್ರ ಹಾಕಿದ ಮನುಷ್ಯನ ಅಧ್ಯಕ್ಷತೆಯಲ್ಲಿ ಬಂದದ್ದರಿಂದ ಹಾಗೆ ಹೇಳುವುದು ಕಷ್ಟವಾಯಿತು. ಸೇನೆಯ ಹಿನ್ನೆಲೆಯ ಜನಪ್ರತಿನಿಧಿಯಿಂದ ಪ್ರಜಾಪ್ರಭುತ್ವಕ್ಕೆ ಆಗಬಹುದಾದ ಉಪಯೋಗ ಇದು ಎಂದು ನಾನು ಅಂದುಕೊಂಡಿದ್ದೇನೆ. ಉಳಿದವರು ಕೇಳಲು ಹೆದರುವ ಪ್ರಶ್ನೆಯನ್ನು ಅವರು ಹೆದರದೆ ಕೇಳಬಲ್ಲರು, ಉತ್ತರದಲ್ಲಿ ಏನು ಮುಚ್ಚಿಟ್ಟಿದ್ದಾರೆ ಎಂಬುದನ್ನೂ ಹಿಡಿಯಬಲ್ಲರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಮಿತಿಗಳ ವಾರ್ಷಿಕ ಪುನರ್ರಚನೆ ಆಯಿತು. ರಕ್ಷಣಾ ಸಮಿತಿಯ ಅಧ್ಯಕ್ಷರಾಗಿ ಕಲರಾಜ್ ಮಿಶ್ರ ಬಂದರು. ಖಂಡೂರಿ ಹೊರಗಾದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವರದಿಯಿಂದಲೇ ಹೋಯಿತು ಎಂದು ವಿರೋಧ ಪಕ್ಷ ಹೇಳಿತು. ಮರುವರ್ಷ ಅವರ ಮಗ ಮನೀಶ್ ಕಾಂಗ್ರೆಸ್ ಸೇರಿ, ಗಢವಾಲದಿಂದಲೇ ನಿಂತು, ಸೋತರು. 2024ರಲ್ಲಿ ಅವರೂ ಬಿಜೆಪಿಗೆ ಬಂದರು.

ಆದ್ದರಿಂದ ಮಾವನ ಮಾತಿಗೆ ನನ್ನ ತಕರಾರು ಇಷ್ಟು. ಮಿಲಿಟರಿಯವರ ಕೈಗೆ ದೇಶ ಕೊಡಬೇಕು ಎನ್ನುವಾಗ ನಾವು ಬೇಡುತ್ತಿರುವುದು, ಪ್ರಶ್ನೆ ಕೇಳದೆ ಎಲ್ಲರೂ ವಿಧೇಯರಾಗಿರುವ ಒಂದು ವ್ಯವಸ್ಥೆಯನ್ನು. ಆ ವಿಧೇಯತೆ ವಿಧಾನಸಭೆಯಲ್ಲಿ ಸಿಗುವುದಿಲ್ಲ, ಸಿಗಲೂ ಬಾರದು. ಖಂಡೂರಿಯವರು ಅದನ್ನು ನಿರೀಕ್ಷಿಸಿದ ಕಡೆಯಲ್ಲೆಲ್ಲ ಎಡವಿದರು. ಅವರು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇದ್ದದ್ದನ್ನು ಇದ್ದ ಹಾಗೆ ಬರೆದಾಗ, ಬರೆಯುವವರಿಗೆ ದಾರಿ ಮಾಡಲು ಹೊರಟಾಗ. ಪಕ್ಷಗಳಿಗೆ ಬೇಕಾಗಿರುವುದು ಮಾತ್ರ ಪೋಸ್ಟರಿನ ಮೇಲೆ ಪದಕ ಹಾಕಿಕೊಂಡ ಎದೆ. ಅದೇ ಎದೆಯಿಂದ ಅಹಿತವಾದ ಅಂಕಿಅಂಶ ಹೊರಬಂದರೆ ಯಾರಿಗೂ ಬೇಡ. ನಾಳೆ ನಿಮ್ಮ ಕ್ಷೇತ್ರದಲ್ಲಿ ನಿವೃತ್ತ ಕರ್ನಲ್ ಒಬ್ಬರು ಮತ ಕೇಳಲು ಬಂದರೆ ಪದಕ ಎಣಿಸಬೇಡಿ. ಸದನದಲ್ಲಿ ಯಾವ ಲೆಕ್ಕ ಕೇಳುತ್ತೀರಿ, ನಿಮ್ಮ ಪಕ್ಷ ಬೇಡ ಎಂದರೂ ಕೇಳುತ್ತೀರಾ, ನಮ್ಮ ಫೋನು ಎತ್ತುತ್ತೀರಾ ಎಂದು ಕೇಳಿ.

ಕೋಟದ್ವಾರದ ಬಗ್ಗೆ ಒಂದು ಮಾತು ಬಾಕಿ ಇದೆ. 2022ರಲ್ಲಿ ಖಂಡೂರಿಯವರ ಮಗಳು ಋತು ಖಂಡೂರಿ ಭೂಷಣ್ ಅದೇ ಕ್ಷೇತ್ರದಲ್ಲಿ ನಿಂತು, ತಂದೆಯನ್ನು ಸೋಲಿಸಿದ್ದ ಅದೇ ನೇಗಿಯವರನ್ನು ಸೋಲಿಸಿದರು. ಆಮೇಲೆ ಉತ್ತರಾಖಂಡ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಸ್ಪೀಕರ್ ಸ್ಥಾನದಲ್ಲಿ ಕೂತವರು ಯಾರಿಗೂ ಆದೇಶ ಕೊಟ್ಟು ಮತ ಹಾಕಿಸಲಾರರು. ಎಲ್ಲರ ಮಾತೂ ಕೇಳಿಸುವಂತೆ ನೋಡಿಕೊಳ್ಳುವುದೇ ಅವರ ಕೆಲಸ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಕಾರು ಬೆಳಗಾವಿ ದಾಟಿತ್ತು. ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಹಂಗಂದ್ರ, ಖರೇ ಹೇಳಿದ್ದಕ್ಕ ಅವರ ಕುರ್ಚಿ ಹೋತು ಅಂತೀಯೇನು?"

"ಕುರ್ಚಿ ಹೋದದ್ದು ಖರೆ ಮಾಮಾ. ಯಾಕ ಅಂತ ಯಾರೂ ಹೇಳಲಿಲ್ಲ."

ಕಿತ್ತೂರಿನ ಫಲಕ ಹಿಂದೆ ಸರಿಯಿತು. "ಮತ್ತ ಆ ಎಂಜಿನಿಯರ್ ಹುಡುಗನ ಹೆಸರ ಏನಂದಿ?" ಎಂದರು ಮಾವ. ಹೇಳಿದೆ. ಅವರು ಅದನ್ನು ಮೆಲ್ಲಗೆ ಇನ್ನೊಮ್ಮೆ ತಾವೇ ಹೇಳಿಕೊಂಡರು. ಧಾರವಾಡ ಬರುವವರೆಗೆ ಮಿಲಿಟರಿಯ ಮಾತು ಮತ್ತೆ ಬರಲಿಲ್ಲ.